ಬೆಕ್ ಮಠವೂ ಗುರುವಿನ ಬೆತ್ತವೂ

ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದಲ್ಲಿ ಲ ಬೆಕ್ ಎಲುವೆಂ ಎಂಬುದೊಂದು ಕುಗ್ರಾಮ. ಜನಸಂಖ್ಯೆ ಸುಮಾರು ನಾನೂರು. ‘ಬೆಕ್’ ಎಂದರೆ ಹಳ್ಳ. ‘ಎಲುವೆಂ’ ಎಂಬುದು ಅಲ್ಲಿ ಮಠವನ್ನು ಸ್ಥಾಪಿಸಿದ ಹೆರ್ಲುಯಿನನ ಹೆಸರು. ಈ ಸಣ್ಣ ಊರಿನ ಮಠದಿಂದ ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಮಹಾಧರ್ಮಪೀಠಕ್ಕೆ ಮೂವರು ಹೋದರೆಂಬುದನ್ನು ಓದಿದಾಗ, ಊರಿನ ಗಾತ್ರಕ್ಕೂ ವಿದ್ಯೆಯ ಗಾತ್ರಕ್ಕೂ ಸಂಬಂಧವಿಲ್ಲವೆಂಬ ಮಾತು ನನಗೆ ಮನದಟ್ಟಾಯಿತು.

ಹೆರ್ಲುಯಿನನು ಮೂಲತಃ ಯೋಧ. ಖಡ್ಗವನ್ನು ತ್ಯಜಿಸಿ, ನಲವತ್ತರ ಹತ್ತಿರದ ವಯಸ್ಸಿನಲ್ಲಿ ಅಕ್ಷರಾಭ್ಯಾಸಕ್ಕೆ ತೊಡಗಿದವನು. ಅವನು 1034ರಲ್ಲಿ ಸ್ಥಾಪಿಸಿದ ಮಠ ಕಡುಬಡತನದ್ದು. ಕೆಲವು ವರ್ಷಗಳ ತರುವಾಯ ಇಟಲಿಯಿಂದ ಬಂದ ಲಾನ್‌ಫ್ರಾಂಕ್ ಎಂಬ ಪಂಡಿತನು ಅಲ್ಲಿ ಸನ್ಯಾಸಿಯಾಗಿ, ಹೊರಗಿನವರಿಗೂ ಪಾಠ ಹೇಳತೊಡಗಿದನು. ಶಿಷ್ಯರಿಂದ ಬಂದುದನ್ನು ಅವನು ಮಠಾಧಿಪತಿಗೆ ಒಪ್ಪಿಸಿದನು. ಅದು ಕಟ್ಟಡ ಕಟ್ಟುವವರಿಗೆ ಸಂದಿತು. ಅಂದರೆ ಅಲ್ಲಿ ಕಟ್ಟಡವು ವಿದ್ಯೆಯನ್ನು ತರಲಿಲ್ಲ. ವಿದ್ಯೆಯೇ ಕಟ್ಟಡವನ್ನು ಎಬ್ಬಿಸಿತು.

ಲಾನ್‌ಫ್ರಾಂಕನ ಕೀರ್ತಿಯನ್ನು ಕೇಳಿ ಬಂದವನು ಆನ್‌ಸೆಲ್ಮ್. 1063ರಲ್ಲಿ ಲಾನ್‌ಫ್ರಾಂಕನ ಸ್ಥಾನಕ್ಕೆ ಬಂದು, 1078ರಲ್ಲಿ ಮಠಾಧಿಪತಿಯಾಗಿ, 1093ರಲ್ಲಿ ಕ್ಯಾಂಟರ್‌ಬರಿಗೆ ತೆರಳಿದ ಮಹಾ ತತ್ತ್ವಜ್ಞಾನಿ ಈತ. ಇವನ ಶಿಷ್ಯ ಈಡ್ಮರನು ಬರೆದ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಇನ್ನೊಂದು ಮಠದ ಅಧಿಪತಿ ಬಂದು, ತಮ್ಮ ಮಠದ ಹುಡುಗರು ಹಗಲಿರುಳು ಹೊಡೆದರೂ ತಿದ್ದಿಕೊಳ್ಳದೆ ಇನ್ನಷ್ಟು ಕೆಡುತ್ತಿದ್ದಾರೆಂದು ಅಲವತ್ತುಕೊಂಡನಂತೆ. ಆನ್‌ಸೆಲ್ಮನು ಒಂದು ದೃಷ್ಟಾಂತ ಹೇಳಿದನು. ಸಸಿಯೊಂದನ್ನು ನೆಟ್ಟು, ಕೊಂಬೆ ಚಾಚಲು ಎಡೆಯಿಲ್ಲದಂತೆ ಸುತ್ತಲೂ ಬಿಗಿದು, ವರ್ಷಗಳಾದ ಮೇಲೆ ಬಿಚ್ಚಿದರೆ ಸಿಗುವುದು ಸೊಟ್ಟಾದ, ನಿಷ್ಫಲವಾದ ಗಿಡ. ಆ ದೋಷ ಯಾರದು? ಅಕ್ಕಸಾಲಿಗನೂ ಬರಿಯ ಪೆಟ್ಟಿನಿಂದಲೇ ಚಿನ್ನದ ತಗಡಿಗೆ ರೂಪ ಕೊಡುವುದಿಲ್ಲ. ಮೃದುವಾಗಿ ಒತ್ತಿ, ನಯವಾಗಿ ಎತ್ತಿ ತಿದ್ದುತ್ತಾನೆ. ಬಂದವನು ತನ್ನ ತಪ್ಪನ್ನು ಒಪ್ಪಿಕೊಂಡನು.

ಈ ಪ್ರಸಂಗವನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಶಬ್ದರೂಪಗಳನ್ನು ಪೆಟ್ಟು ತಿಂದೇ ಕಲಿತವನು ನಾನು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅದೇ ಬೆತ್ತವನ್ನು ನಾನೂ ಹಿಡಿದೆ. ಸಂಧಿಯನ್ನು ತಪ್ಪು ಬಿಡಿಸಿದ ಒಬ್ಬ ಬಾಲಕನ ಅಂಗೈ ಬಾತುಹೋದದ್ದು ನೆನಪಿದೆ. ಅವನು ಸಂಧಿಯನ್ನು ಕಲಿತನು. ಆದರೆ ಮತ್ತೆಂದೂ ತಾನಾಗಿ ಒಂದು ಪ್ರಶ್ನೆ ಕೇಳಲಿಲ್ಲ. ಐದು ವರ್ಷ ಮುದ್ದಿಸಿ ಹತ್ತು ವರ್ಷ ದಂಡಿಸಬೇಕೆಂಬ ಸುಭಾಷಿತವನ್ನು ಆಗ ನಾನು ಸಮರ್ಥನೆಗೆ ಬಳಸುತ್ತಿದ್ದೆ. ಇಂದು ಬಳಸಲಾರೆ.

2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ದಂಡನೆಯನ್ನು ನಿಷೇಧಿಸಿದೆ. ಆದರೆ ಬೆತ್ತ ಹೋದ ಮಾತ್ರಕ್ಕೆ ಸಸಿಯ ಸುತ್ತಲಿನ ಬಿಗಿತ ಹೋಯಿತೆನ್ನಲಾದೀತೇ? ಅಂಕಗಳ ಭಯ, ಸಹಪಾಠಿಗಳೆದುರಿನ ಹೀಯಾಳಿಕೆ, ಪ್ರಶ್ನೆ ಕೇಳಿದವನನ್ನು ಉದ್ಧಟನೆನ್ನುವ ನಾಲಗೆ ಇವೂ ಬೆತ್ತಗಳೇ. ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಸಸಿಗೆ ಊರುಗೋಲು ಬೇಕು, ಪಂಜರ ಬೇಡ.

ಬೆಕ್ ಮಠದ ಮುಂದಿನ ಕಥೆಯೂ ನಮಗೆ ಪಾಠವೇ. ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ ಸನ್ಯಾಸಿಗಳು ಹೊರಬೀಳಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಮಹಾಮಂದಿರವನ್ನು ಕೆಡವಿದರು. ಉಳಿದ ಕಟ್ಟಡಗಳು ಸೈನ್ಯದ ಕುದುರೆಗಳಿಗೆ ಆಶ್ರಯವಾದವು. 1948ರಲ್ಲಿ ಸನ್ಯಾಸಿಗಳು ಮರಳಿ ಬಂದರು. ಹದಿನೈದನೆಯ ಶತಮಾನದ ಗೋಪುರವೊಂದು ಈಗಲೂ ನಿಂತಿದೆ. ಕಲ್ಲು ಚೆದುರಿತು, ಸಸಿಯ ದೃಷ್ಟಾಂತ ಮಾತ್ರ ಒಂಬತ್ತು ಶತಮಾನಗಳನ್ನು ದಾಟಿ ನನ್ನಂಥವನ ಮೇಜಿಗೂ ಬಂದಿತು.

ದಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಕೊಠಡಿಗೆ ಕೊಡುವಂತೆ ಗ್ರಂಥಭಂಡಾರಕ್ಕೂ ಅಧ್ಯಾಪಕರ ವ್ಯಾಸಂಗಕ್ಕೂ ಕೊಡಿರಿ. ಸಹೋದ್ಯೋಗಿಗಳಲ್ಲಿ ಪ್ರಾರ್ಥನೆ: ಮಗು ಕೈ ಎತ್ತಿದಾಗ ಅದು ಪ್ರಶ್ನೆಗಾಗಿ ಎತ್ತಿದ ಕೈಯಾಗಲಿ, ಪೆಟ್ಟನ್ನು ತಡೆಯಲು ಎತ್ತಿದ್ದಾಗದಿರಲಿ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬೆತ್ತದ ರುಚಿ ಕಂಡವರು ಇದನ್ನು ಓದುತ್ತಿದ್ದರೆ, ಇದು ಅವರ ಮುಂದಿಟ್ಟ ಕ್ಷಮಾಯಾಚನೆಯೆಂದು ಭಾವಿಸಲಿ.