ಮಾಯ್ದ ಗಾಯದ ಮರೆಯ ಬಾಧೆ

ಗಾಯ ಮಾಯ್ದರೆ ಕಷ್ಟ ಕಳೆಯಿತೆಂದು ನಾವೆಲ್ಲರೂ ನಂಬುತ್ತೇವೆ. ಚರ್ಮ ಕೂಡಿಕೊಂಡು, ಮುರಿದ ಎಲುಬು ಬೆಸೆದುಕೊಂಡ ಮೇಲೆ ಆ ಪೆಟ್ಟಿನ ನೆನಪನ್ನು ಇಟ್ಟುಕೊಳ್ಳುವವರು ವಿರಳ. ಆದರೆ ಎಷ್ಟೋ ವರ್ಷಗಳ ತರುವಾಯ ಬೆರಳು ಜೋಮು ಹಿಡಿಯುವುದಕ್ಕೂ ತೋಳು ಬಾತುಕೊಳ್ಳುವುದಕ್ಕೂ ಆ ಮರೆತ ಪೆಟ್ಟೇ ಕಾರಣವಾಗಿರುವುದುಂಟು. ಹಳೆಯ ಪೆಟ್ಟನ್ನು ವಿಚಾರಿಸದೆ ಜೋಮಿಗೆ ಮದ್ದು ಕೊಡುವ ಪದ್ಧತಿ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ಕಂಪ್ಲಿಯ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ತುಂಗಭದ್ರೆಯ ದಡದ ಈ ನೆಲ ಬತ್ತ ಕಬ್ಬುಗಳ ನೆಲ; ಪಕ್ಕದ ಸಂಡೂರು ಗಣಿಗಳ ನೆಲ. ಕುಡುಗೋಲಿನ ಕಚ್ಚು, ಮೂಟೆಯ ಅಡಿಯಲ್ಲಿ ಜಾರಿ ಬಿದ್ದ ಬೀಳು, ಮಕ್ಕಳು ಮರದಿಂದ ಬಿದ್ದು ಮುರಿದುಕೊಂಡ ಮೊಣಕೈ, ಇವು ದುಡಿಯುವ ಮನೆಗಳಲ್ಲಿ ಯಾರೂ ಲೆಕ್ಕವಿಡದ ಸಂಗತಿಗಳು.

ಗಾಯವನ್ನು ದೇಹವು ಕೊಲ್ಲಾಜೆನ್ ಎಂಬ ನಾರಿನಿಂದ ತುಂಬಿ ಮುಚ್ಚುತ್ತದೆ. ಈ ನಾರನ್ನು ಎಳೆದು ಬಿಗಿಗೊಳಿಸುವ, ಸ್ನಾಯುವಿನ ಗುಣವುಳ್ಳ ಜೀವಕೋಶಗಳನ್ನು ಗಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ವರ್ಣಿಸಿದರು. ಗಾಯದ ಬಾಯಿ ಮುಚ್ಚುವುದು ಇವುಗಳ ಉಪಕಾರದಿಂದಲೇ. ಆದರೆ ಒಳಗಿನ ಕಲೆಯು ನರವೊಂದನ್ನು ಸುತ್ತಿಕೊಂಡು ಬಿಗಿದರೆ ಉಪಕಾರವೇ ಅಪಕಾರವಾಗುತ್ತದೆ. ಕೈ ಮಡಿಸಿದಾಗ ಸರಾಗವಾಗಿ ಜಾರಬೇಕಾದ ನರ ಒಂದೆಡೆ ಅಂಟಿಕೊಂಡು ಜಗ್ಗುತ್ತದೆ. ಅಭಿಧಮನಿಗಳ ಪಾಡು ಇನ್ನೂ ಸೂಕ್ಷ್ಮ. ಅವುಗಳ ಗೋಡೆ ತೆಳು, ಒಳಗಿನ ಒತ್ತಡ ಅಲ್ಪ. ವಿಜಯನಗರದರಸರ ಕಾಲದ ಕಾಲುವೆಗಳನ್ನು ಬಲ್ಲ ಇಲ್ಲಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಂದು ಕಡೆ ಏರಿ ಕುಸಿದು ಪಾತ್ರ ಕಿರಿದಾದರೆ ನೀರು ಹಿಂದಕ್ಕೆ ನಿಂತು ಉಬ್ಬುತ್ತದೆ. ಕೊರಳ ಬುಡದಿಂದ ಭುಜಕ್ಕೆ ಚಾಚಿದ ಎಲುಬು ಮುರಿದು ಸೊಟ್ಟಗೆ ಕೂಡಿದರೆ, ಅದರ ಹಿಂದೆ ಹಾಯ್ದುಹೋಗುವ ನರಗಳೂ ಅಭಿಧಮನಿಯೂ ಹೀಗೆಯೇ ಇರುಕಿಗೆ ಸಿಲುಕಬಹುದು.

ಇದು ಹೊಸ ತಿಳಿವಳಿಕೆಯೇನೂ ಅಲ್ಲ. ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ 1850ರ ದಶಕದಲ್ಲಿ ಒಬ್ಬ ರೋಗಿಯ ವಿಷಯವನ್ನು ಬರೆದಿದ್ದಾನೆ. ಅವನ ಮಣಿಕಟ್ಟಿನ ಬಳಿ ಮುರಿದ ಎಲುಬು ಕೂಡುವಾಗ ಅಧಿಕವಾಗಿ ಬೆಳೆದು ನರವನ್ನು ಒತ್ತಿತ್ತು. ಬೆರಳುಗಳ ಹುಣ್ಣು ಯಾವ ಮದ್ದಿಗೂ ಜಗ್ಗಲಿಲ್ಲ. ಮಣಿಕಟ್ಟನ್ನು ಬಾಗಿಸಿ ಕಟ್ಟಿದಾಗ ಹುಣ್ಣು ಮಾಯಿತು. ಕೈಯನ್ನು ಮತ್ತೆ ದುಡಿಮೆಗೆ ಹಚ್ಚಿದಾಗ ಮರಳಿತು. ಬಾಲ್ಯದಲ್ಲಿ ಮೊಣಕೈಗೆ ಬಿದ್ದ ಪೆಟ್ಟು ಹಲವು ವರ್ಷಗಳ ಮೇಲೆ ಕಿರುಬೆರಳನ್ನು ಮರಗಟ್ಟಿಸಿ ಅಂಗೈಯ ಸ್ನಾಯುಗಳನ್ನು ಸೊರಗಿಸುವುದನ್ನು ಫ್ರಾನ್ಸಿನ ಪನಾಸ್ 1878ರಲ್ಲಿ ತಿಳಿಸಿದನು.

ಇಲ್ಲಿ ಕಾಲವಿಳಂಬವೇ ದೊಡ್ಡ ಶತ್ರು. ಒತ್ತಡ ಅಲ್ಪವಾಗಿದ್ದಾಗಲೇ ಬಿಡಿಸಿದರೆ ನರ ಬೇಗ ಚೇತರಿಸಿಕೊಳ್ಳುತ್ತದೆ. ನರದ ಎಳೆಗಳೇ ಸತ್ತರೆ ಅವು ಮರಳಿ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರು. ಮೊಣಕೈಯಿಂದ ಅಂಗೈಗೆ 30 ಸೆಂಟಿಮೀಟರು ಎಂದಿಟ್ಟುಕೊಂಡರೆ 300 ದಿನಗಳು ಬೇಕು. ಒಂದು, ಒಂದೂವರೆ ವರ್ಷ ನರದ ಸಂಪರ್ಕವಿಲ್ಲದೆ ಕಳೆದ ಸ್ನಾಯುವನ್ನು ಮತ್ತೆ ದುಡಿಮೆಗೆ ತರುವುದು ಬಹು ಕಷ್ಟ. ಕುಡುಗೋಲು ಹಿಡಿಯುವ ಕೈಗೆ ಹಿಡಿತವೇ ಬಂಡವಾಳ. ಅದು ಹೋದರೆ ಮನೆಯ ಗಳಿಕೆಯೇ ಹೋದಂತೆ.

ಹಾಗೆಂದು ಎಲ್ಲ ಜೋಮನ್ನೂ ಹಳೆಯ ಗಾಯದ ತಲೆಗೆ ಕಟ್ಟುವುದು ತರವಲ್ಲ. ಸಕ್ಕರೆ ಕಾಯಿಲೆ, ಜೀವಸತ್ವ ಬಿ-12ರ ಕೊರತೆ, ಕುತ್ತಿಗೆಯ ತೊಂದರೆಗಳೂ ಕಾರಣವಾಗಬಹುದು. ಕುಷ್ಠರೋಗವು ಮೊಣಕೈ ಬಳಿಯ ಅದೇ ನರವನ್ನು ದಪ್ಪಗಾಗಿಸುತ್ತದೆಯಾದ್ದರಿಂದ ಅದನ್ನು ಮರೆಯಲೇಬಾರದು. ತೋಳಾಗಲಿ ಕಾಲಾಗಲಿ ಹಠಾತ್ತನೆ ಬಾತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ಆಗ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಕ್ಷ-ಕಿರಣದ ಚಿತ್ರ ಸೊಟ್ಟ ಎಲುಬನ್ನು ತೋರಿಸೀತು, ಮೆತ್ತನೆಯ ಕಲೆಯನ್ನು ತೋರಿಸದು. ಚಿತ್ರ ಸರಿಯಿದೆಯೆಂದು ರೋಗಿಯನ್ನು ಹಿಂದಕ್ಕೆ ಕಳುಹಿಸದೆ, ನರದ ವೇಗವನ್ನು ಅಳೆಯುವ ಪರೀಕ್ಷೆಯನ್ನೂ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಮಾಡಿಸುವುದು ಉಚಿತ.

ಹೊರರೋಗಿಗಳ ಸಾಲು ಉದ್ದವಿರುವಾಗ ಇಷ್ಟೆಲ್ಲ ವಿಚಾರಿಸಲು ವೇಳೆ ಎಲ್ಲಿಯದು ಎಂದು ವೈದ್ಯರು ಕೇಳಬಹುದು. “ಈ ಕೈಗೆ ಎಂದಾದರೂ ಪೆಟ್ಟು ಬಿದ್ದಿತ್ತೆ?” ಎಂಬ ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಆ ಪ್ರಶ್ನೆ ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿಯೇ ಅಚ್ಚಾಗಿರಲಿ. ಎಲುಬು ಕೂಡಿಸುವ ನಾಟಿ ವೈದ್ಯರೂ ಕಟ್ಟು ಬಿಚ್ಚಿದ ದಿನವೇ ತಮ್ಮ ಹೊಣೆ ಮುಗಿಯಿತೆಂದು ಭಾವಿಸದಿರಲಿ. ಬೆರಳು ಜುಮುಗುಟ್ಟಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸಲಿ. ಮನೆಯ ಹಿರಿಯರು ಮಕ್ಕಳಿಗೆ ಬಿದ್ದ ದೊಡ್ಡ ಪೆಟ್ಟುಗಳನ್ನು ವರ್ಷಸಹಿತ ಬರೆದಿಡಲಿ. ಹೊಲಗದ್ದೆಯ ಲೆಕ್ಕವನ್ನು ತಲೆಮಾರುಗಟ್ಟಲೆ ಕಾಪಾಡುವ ನಮಗೆ ಈ ನಾಲ್ಕು ಸಾಲು ಭಾರವಾಗಲಾರದು.