ದಿಗ್ವಿಜಯದ ಕಡಲು, ದಿಗ್ವ್ರತದ ಮೇರೆ

ಶ್ರಾವಕನ ಮೂರು ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತಾನು ಸಂಚರಿಸಬಹುದಾದ, ವ್ಯವಹರಿಸಬಹುದಾದ ಮೇರೆಯನ್ನು ಗೃಹಸ್ಥನು ತಾನಾಗಿಯೇ ಗೊತ್ತುಮಾಡಿಕೊಂಡು, ಬದುಕಿರುವವರೆಗೂ ಅದನ್ನು ಮೀರದಿರುವುದೇ ಈ ವ್ರತದ ಸಾರ. ಮೇರೆಗೆ ಎಲ್ಲರೂ ಬಲ್ಲ ಗುರುತುಗಳಿರಬೇಕು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅಂತಹ ಗುರುತುಗಳನ್ನು ಎಣಿಸುವಾಗ ನದಿ, ಅಡವಿ, ಬೆಟ್ಟ, ಜನಪದಗಳಿಗಿಂತ ಮೊದಲು ಹೆಸರಿಸುವುದು ಕಡಲನ್ನು. ಮನುಷ್ಯನ ಆಸೆಗೆ ಎಲ್ಲೆಯಾಗಿದ್ದ ಆ ಕಡಲಿನ ಮೇಲೆಯೇ ಇಂದು ಎಲ್ಲೆಯನ್ನು ಎಳೆಯಬೇಕಾಗಿ ಬಂದಿದೆ.

1982ರಲ್ಲಿ ಅಂಗೀಕೃತವಾಗಿ 1994ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯು ಈ ಕೆಲಸಕ್ಕೆ ಆಧಾರ. ದಡದಿಂದ 12 ನಾಟಿಕಲ್ ಮೈಲಿನವರೆಗೆ ಆಯಾ ದೇಶದ ಸಾರ್ವಭೌಮ ಜಲಪ್ರದೇಶ. 200 ಮೈಲಿನವರೆಗೆ ಮೀನು, ಅನಿಲ, ಖನಿಜಗಳ ಮೇಲೆ ಹಕ್ಕುಳ್ಳ ಅನನ್ಯ ಆರ್ಥಿಕ ವಲಯ. ನೆರೆಹೊರೆಯ ದೇಶಗಳ ವಲಯಗಳು ಒಂದರ ಮೇಲೊಂದು ಬಿದ್ದಾಗ ವಿವಾದ ಹುಟ್ಟುತ್ತದೆ. ಅದನ್ನು ಮಾತುಕತೆಯಿಂದ, ಇಲ್ಲವೆ ನ್ಯಾಯಾಲಯ ಅಥವಾ ಮಧ್ಯಸ್ಥಿಕೆ ಮಂಡಳಿಯ ಮೂಲಕ ಶಾಂತಿಯುತವಾಗಿ ಬಗೆಹರಿಸಿಕೊಳ್ಳಬೇಕೆಂಬುದು ಒಡಂಬಡಿಕೆಯ ಕಟ್ಟಳೆ. ಆದರೆ ತೀರ್ಪನ್ನು ಜಾರಿಗೊಳಿಸುವ ಸೈನ್ಯವಾಗಲಿ, ಪೊಲೀಸರಾಗಲಿ ಅದಕ್ಕಿಲ್ಲ.

ಬಂಗಾಳ ಕೊಲ್ಲಿಯ ನಿದರ್ಶನ ನಮಗೆ ಹತ್ತಿರದ್ದು. 1970ರ ಭೀಕರ ಚಂಡಮಾರುತದ ಬಳಿಕ ಭಾರತ ಮತ್ತು ಇಂದಿನ ಬಾಂಗ್ಲಾದೇಶದ ನಡುವಣ ಹರಿಯಾಭಂಗಾ ನದೀಮುಖದ ಆಚೆ ಮರಳಿನ ದ್ವೀಪವೊಂದು ತಲೆಯೆತ್ತಿತು. ಭಾರತ ಅದನ್ನು ನ್ಯೂ ಮೂರ್ ಎಂದಿತು, ಬಾಂಗ್ಲಾದೇಶ ದಕ್ಷಿಣ ತಲಪಟ್ಟಿ ಎಂದಿತು. 1981ರಲ್ಲಿ ಅಲ್ಲಿ ಭಾರತದ ಧ್ವಜ ಹಾರಿದಾಗ ಎರಡು ಮಿತ್ರರಾಷ್ಟ್ರಗಳ ನಡುವೆ ಬಿಗುವು ಏರ್ಪಟ್ಟಿತು. 2010ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ವಿಜ್ಞಾನಿಗಳು ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ, ದ್ವೀಪವು ನೀರಿನಲ್ಲಿ ಮುಳುಗಿಹೋಗಿದೆ ಎಂದು ತಿಳಿಸಿದರು. ‘ನನ್ನದು’ ಎಂದು ಎರಡು ರಾಷ್ಟ್ರಗಳು ದಶಕಗಳ ಕಾಲ ಹಿಡಿದುಕೊಂಡಿದ್ದ ನೆಲವನ್ನು ಕಡಲು ಯಾರಿಗೂ ಉಳಿಸಲಿಲ್ಲ. ಅನಿತ್ಯಭಾವನೆಯ ಪಾಠ ಇದಕ್ಕಿಂತ ಸ್ಪಷ್ಟವಾಗಿ ದೊರೆಯುವುದು ವಿರಳ.

ಅಷ್ಟರಲ್ಲಿ, 2009ರ ಅಕ್ಟೋಬರಿನಲ್ಲಿ, ಬಾಂಗ್ಲಾದೇಶವು ಒಡಂಬಡಿಕೆಯ ಅಡಿಯಲ್ಲಿ ಮಧ್ಯಸ್ಥಿಕೆಯನ್ನು ಕೋರಿತ್ತು. ಐವರ ನ್ಯಾಯಮಂಡಳಿ ಎರಡೂ ಕಡೆಯ ವಾದವನ್ನು ಆಲಿಸಿತು. 2013ರಲ್ಲಿ ಸ್ಥಳವನ್ನೂ ಕಣ್ಣಾರೆ ಕಂಡಿತು. ಎರಡೂ ದಡಗಳಿಂದ ಸಮದೂರದಲ್ಲಿ ರೇಖೆ ಇರಬೇಕೆಂಬುದು ಭಾರತದ ವಾದ. ತನ್ನ ಕರಾವಳಿ ಒಳಬಾಗಿರುವುದರಿಂದ ಸಮದೂರದ ರೇಖೆಯು ತನ್ನ ಪಾಲಿನ ಕಡಲನ್ನು ಕತ್ತರಿಸಿಬಿಡುತ್ತದೆ ಎಂಬುದು ಬಾಂಗ್ಲಾದೇಶದ ವಾದ. ಎರಡೂ ತಮ್ಮ ತಮ್ಮ ನಯದಲ್ಲಿ ಸತ್ಯವೇ; ಯಾವುದೂ ಪೂರ್ಣಸತ್ಯವಲ್ಲ. ಮಂಡಳಿಯು ಸಮದೂರದ ರೇಖೆಯಿಂದ ಆರಂಭಿಸಿ, ದಡದ ಬಾಗನ್ನು ಗಮನಿಸಿ ಅದನ್ನು ತಿದ್ದಿತು. ಅನೇಕಾಂತ ಎಂಬ ಶಬ್ದವನ್ನು ಬಳಸದೆಯೇ ಅದರ ಮಾರ್ಗದಲ್ಲಿ ನಡೆದ ನ್ಯಾಯವಿದು.

2014ರ ಜುಲೈ 7ರ ಆ ತೀರ್ಪಿನಂತೆ, ಬಾಂಗ್ಲಾದೇಶದ ಲೆಕ್ಕದಲ್ಲಿ ವಿವಾದಿತವಾಗಿದ್ದ ಸುಮಾರು 25,600 ಚದರ ಕಿಲೋಮೀಟರಿನಲ್ಲಿ ಸುಮಾರು 19,500 ಚದರ ಕಿಲೋಮೀಟರು ಆ ದೇಶಕ್ಕೇ ಸಂದಿತು. ಭಾರತ ನೇಮಿಸಿದ್ದ ಸದಸ್ಯರು ರೇಖೆಯ ವಿಷಯದಲ್ಲಿ ಭಿನ್ನಮತವನ್ನು ದಾಖಲಿಸಿದ್ದರು. ತಿರಸ್ಕರಿಸಲು ನೆಪ ಬೇಕಿದ್ದರೆ ಅದು ಅಲ್ಲಿಯೇ ಇತ್ತು, ನೌಕಾಬಲವೂ ಇತ್ತು. ಆದರೂ ಭಾರತ ತೀರ್ಪನ್ನು ಗೌರವಿಸಿತು. ತೀರ್ಪಿನಿಂದ ಒಂದು ಕಡೆ ಕಡಲತಳ ಬಾಂಗ್ಲಾದೇಶದ್ದೂ ಮೇಲಿನ ನೀರು ಭಾರತದ್ದೂ ಆಗುವ ಕಿರಿದಾದ ಪ್ರದೇಶವೂ ಉಳಿಯಿತು. ಅಲ್ಲಿ ಒಬ್ಬರ ಹಕ್ಕನ್ನು ಇನ್ನೊಬ್ಬರು ಲಕ್ಷಿಸಿ ನಡೆಯದೆ ಗತ್ಯಂತರವಿಲ್ಲ.

ಇದಕ್ಕೆ ವ್ಯತಿರಿಕ್ತವಾದುದು ದಕ್ಷಿಣ ಚೀನಾ ಸಮುದ್ರದ ಕಥೆ. ಫಿಲಿಪ್ಪೀನ್ಸ್ ಹೂಡಿದ ವ್ಯಾಜ್ಯದಲ್ಲಿ 2016ರ ಜುಲೈ 12ರಂದು ಇಂತಹುದೇ ಮಂಡಳಿಯು, ನಕ್ಷೆಯ ಒಂಬತ್ತು ಗೀಟುಗಳೊಳಗಿನ ಸಂಪತ್ತಿನ ಮೇಲೆ ಚೀನಾ ಹೇಳಿಕೊಳ್ಳುವ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲ ಎಂದಿತು. ಮಂಡಳಿಗೆ ಈ ವಿಷಯದಲ್ಲಿ ಅಧಿಕಾರವೇ ಇಲ್ಲವೆಂದು ಚೀನಾ ವಿಚಾರಣೆಗೆ ಬರಲಿಲ್ಲ, ತೀರ್ಪನ್ನೂ ಒಪ್ಪಲಿಲ್ಲ. ಇಂದಿಗೂ ಅಲ್ಲಿ ಹಡಗುಗಳು ಹಡಗುಗಳ ಮೇಲೆ ಜಲಫಿರಂಗಿ ಹಾರಿಸುತ್ತಿವೆ. ಎರಡು ಪ್ರಕರಣಗಳಲ್ಲಿಯೂ ಕಾನೂನು ಒಂದೇ; ಭೇದವಿರುವುದು ಸೋಲನ್ನು ಸ್ವೀಕರಿಸುವ ಮನಸ್ಸಿನಲ್ಲಿ.

ಜಿನಪರಂಪರೆಗೆ ಇದು ಹೊಸ ಪ್ರಶ್ನೆಯಲ್ಲ. ದಿಗ್ವಿಜಯ ಮುಗಿಸಿ ಬಂದ ಭರತನಿಗೂ ಪೌದನಪುರದ ಬಾಹುಬಲಿಗೂ ಯುದ್ಧ ಒದಗಿದಾಗ, ಸೇನೆಗಳ ಸಂಹಾರವನ್ನು ತಪ್ಪಿಸಿ ದೃಷ್ಟಿ, ಜಲ, ಮಲ್ಲಯುದ್ಧಗಳಿಂದ ಇತ್ಯರ್ಥವಾಗಲೆಂದು ಸೂಚಿಸಿದವರು ಮಂತ್ರಿಗಳು. ಕಟ್ಟಳೆಯನ್ನು ಇಬ್ಬರೂ ಒಪ್ಪಿದ್ದರು. ಮೂರರಲ್ಲಿಯೂ ಸೋತ ಭರತನು ಮಾತ್ರ ಕಟ್ಟಳೆಯನ್ನು ಮರೆತು ಚಕ್ರವನ್ನು ಪ್ರಯೋಗಿಸಿದನು. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದವನು ರಾಜ್ಯವನ್ನೇ ತ್ಯಜಿಸಿ ನಡೆದನು. ಇಂದಿನ ಚಕ್ರಗಳು ಹಾಗೆ ತಾವಾಗಿ ನಿಲ್ಲುವುದಿಲ್ಲ. ಅವುಗಳನ್ನು ಪ್ರಯೋಗಿಸದಿರುವ ಹೊಣೆ ಹಿಡಿದವರದೇ.

ದಿಗ್ವ್ರತದ ಐದು ಅತಿಚಾರಗಳಲ್ಲಿ ಕೊನೆಯ ಎರಡು ಕ್ಷೇತ್ರವೃದ್ಧಿ ಮತ್ತು ಸ್ಮೃತ್ಯಂತರಾಧಾನ. ಒಪ್ಪಿದ ಮೇರೆಯನ್ನು ಲೋಭದಿಂದ ಹಿಗ್ಗಿಸುವುದು ಮೊದಲನೆಯದು. ಮೇರೆಯನ್ನೇ ಮರೆಯುವುದು ಎರಡನೆಯದು. ರಾಷ್ಟ್ರಗಳೂ ಇವೆರಡರಿಂದಲೇ ಎಡವುತ್ತವೆ. ಬೆಲೆ ತೆರುವವರು ಬಡವರು. ಬಂಗಾಳ ಕೊಲ್ಲಿಯಲ್ಲಿ ರೇಖೆ ನಿಶ್ಚಿತವಾದ ಮೇಲೆಯೂ ಅದನ್ನು ದಾಟಿ ಸೆರೆಯಾದ ಮೀನುಗಾರರನ್ನು 2025ರ ಜನವರಿಯಲ್ಲಿ ಎರಡೂ ದೇಶಗಳು ಪರಸ್ಪರ ಬಿಡುಗಡೆ ಮಾಡಬೇಕಾಯಿತು. ಮೀನುಗಾರಿಕೆ ಶ್ರಾವಕನಿಗೆ ಸಮ್ಮತವಾದ ವೃತ್ತಿಯಲ್ಲ, ನಿಜ. ಆದರೆ ದಡದಲ್ಲಿ ಕಾದು ಕುಳಿತ ಹೆಂಡತಿ ಮಕ್ಕಳ ದುಃಖವನ್ನು ಕಂಡೂ ಕಾಣದಂತಿರುವುದು ಅನುಕಂಪೆಯ ಧರ್ಮವಾಗದು.

ಹೊಲದ ಬದುವನ್ನು ಒಂದು ಗೇಣು ಸರಿಸುವವನಲ್ಲಿಯೂ, ನಕ್ಷೆಯ ಗೀಟನ್ನು ನೂರು ಮೈಲಿ ಸರಿಸುವ ರಾಷ್ಟ್ರದಲ್ಲಿಯೂ ಕೆಲಸ ಮಾಡುವುದು ಒಂದೇ ಕಷಾಯ. ಪ್ರತಿಕ್ರಮಣಕ್ಕೆ ಕುಳಿತ ಶ್ರಾವಕನು ಈ ದಿನ ತಾನು ಯಾವ ಮೇರೆಯನ್ನು ಮೀರಿದೆನೆಂದು ಕೇಳಿಕೊಳ್ಳುವಾಗ, ಮೊದಲು ನೆನೆಯಬೇಕಾದುದು ನೆರೆಯವನ ಬದುವನ್ನು.