ನಕಲಿ ಬ್ರೂಸ್ ಲೀಯೂ ನಮ್ಮ ಮನೆಯ ಲಟ್ಟಣಿಗೆಯೂ



ಈ ಸಲ ಔರಾದದಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. "ಅಕ್ಕಾ, ನನ್ನ ಮಗ ಎಂಟನೇ ಇಯತ್ತೆ. ಹೊತ್ತು ಸಿಕ್ಕರ ಸಾಕು, ಮೊಬೈಲಿನ್ಯಾಗ ಹಳೇ ಕುಂಗ್‌ಫೂ ಸಿನೆಮಾ ನೋಡ್ತಾನ. ಬಾಗಿಲಿಗೆ ಒದೀತಾನ, ತಂಗಿಗೆ ಒದೀತಾನ. ಬ್ರೂಸ್ ಲೀ ಆಗ್ತೀನಿ ಅಂತಾನ. ನಮ್ಮ ಭಾವನ ಮಗ ಓದಿನ್ಯಾಗ ಮುಂದ ಇದ್ದಾನ, ಅವನ್ನ ನೋಡಿ ಕಲಿ ಅಂದ್ರ ಸಿಟ್ಟಿಗೇಳ್ತಾನ. ಏನ್ ಮಾಡ್ಲಿ?"

ಓದಿ ನಗು ಬಂತು. ಆಮೇಲೆ ನಗು ನಿಂತಿತು. ಯಾಕಂದರೆ ಇದು ನಮ್ಮ ಮನೆಯಲ್ಲೇ ನಡೆದ ಕಥೆ.

1980ನೇ ಇಸವಿ. ನಾವು ಭಾಲ್ಕಿಯಲ್ಲಿದ್ದೆವು. ನನ್ನ ತಮ್ಮನಿಗೆ ಹನ್ನೆರಡು ವರ್ಷ. ಕ್ಷೌರದ ಅಂಗಡಿಯ ಗೋಡೆ ಮೇಲೆ ಬ್ರೂಸ್ ಲೀ ಚಿತ್ರ ನೋಡಿದ್ದೇ ನೋಡಿದ್ದು, ಹುಡುಗನಿಗೆ ಹುಚ್ಚು ಹಿಡಿಯಿತು. ಒಂದು ದಿನ ಯಾರೋ, "ಬೀದರದಾಗ ಬ್ರೂಸ್ ಲೀ ಸಿನೆಮಾ ಬಂದದ" ಎಂದರು. ನೋಟುಪುಸ್ತಕಕ್ಕೆ ಕೊಟ್ಟ ದುಡ್ಡು ಜೇಬಿಗಿಳಿಸಿ, ಗೆಳೆಯನೊಂದಿಗೆ ರೈಲು ಹತ್ತಿ ಬೀದರಕ್ಕೆ ಹೋಗಿಬಿಟ್ಟ! ಮನೆಯಲ್ಲಿ ಹುಡುಕಾಟ. ದೀಪ ಹಚ್ಚುವ ಹೊತ್ತಿಗೆ ಬಂದ. ಅವ್ವ ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆದರೆ ಆತ ಹೊಡೆತಕ್ಕೆ ಹೆದರಿ ಅಳುತ್ತಿರಲಿಲ್ಲ.

"ಅವ್ವಾ, ಆತ ಅವನಲ್ಲ!" ಎಂದ.

ಕೂದಲು ಅದೇ, ಕಪ್ಪು ಕನ್ನಡಕ ಅದೇ, ಕೂಗು ಅದೇ. ಮುಖ ಮಾತ್ರ ಬೇರೆ ಯಾರದೋ. ಪೋಸ್ಟರಿನಲ್ಲಿ ಹೆಸರಿನ ಕೊನೆಗೆ ಇಂಗ್ಲಿಷಿನ ಒಂದಕ್ಷರ ಕಡಿಮೆ. ನಮ್ಮ ಲಿಪಿಯಲ್ಲಿ ಹೇಳುವುದಾದರೆ 'ಲೀ' ಅಲ್ಲ, 'ಲಿ'. ಒಂದು ದೀರ್ಘ ಇಲ್ಲದ್ದಕ್ಕೆ ಹುಡುಗನ ದುಡ್ಡು ಹೋಯಿತು.

ಇದರ ಹಿಂದಿನ ಸಂಗತಿ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಿಜವಾದ ಬ್ರೂಸ್ ಲೀ 1973ರ ಜುಲೈ 20ರಂದು ಹಾಂಗ್‌ಕಾಂಗಿನಲ್ಲಿ ತೀರಿಕೊಂಡ. ಆಗ ಆತನಿಗೆ ಬರೀ 32 ವರ್ಷ. ಮಗನಿಗೆ ಎಂಟು, ಮಗಳಿಗೆ ನಾಲ್ಕು. 'ಎಂಟರ್ ದಿ ಡ್ರ್ಯಾಗನ್' ತೆರೆ ಕಂಡದ್ದು ಆತ ಹೋದ ಮುಂದಿನ ತಿಂಗಳು. ನಾಯಕನಾಗಿ ಆತ ಪೂರ್ತಿ ಮಾಡಿದ ಕುಂಗ್‌ಫೂ ಚಿತ್ರಗಳು ನಾಲ್ಕೇ. ಜಗತ್ತೆಲ್ಲ ಇನ್ನೂ ಬೇಕು ಅನ್ನುತ್ತಿತ್ತು, ಮಾಡುವವನೇ ಇರಲಿಲ್ಲ. ಆಗ ಕೆಲವು ನಿರ್ಮಾಪಕರು ಮುಖ ಹೋಲುವ ಹುಡುಗರನ್ನು ಹುಡುಕಿ, ಅದೇ ಕ್ರಾಪು ಮಾಡಿಸಿ, ಅಗ್ಗದ ಖರ್ಚಿನಲ್ಲಿ ಚಿತ್ರ ತೆಗೆಯತೊಡಗಿದರು. ತೈವಾನಿನ ಹೋ ಚುಂಗ್-ತಾವೊ 'ಬ್ರೂಸ್ ಲಿ' ಆದ. ಬರ್ಮಾದಲ್ಲಿ ಹುಟ್ಟಿದ ಹುವಾಂಗ್ ಕಿನ್-ಲುಂಗ್ 'ಬ್ರೂಸ್ ಲೆ' ಆದ. ಕೊರಿಯಾದವನೊಬ್ಬ 'ಡ್ರ್ಯಾಗನ್ ಲೀ' ಆದ. ಲೀ ಅರ್ಧಕ್ಕೆ ಬಿಟ್ಟುಹೋಗಿದ್ದ 'ಗೇಮ್ ಆಫ್ ಡೆತ್' ಚಿತ್ರವನ್ನು ಬದಲಿ ನಟರಿಂದ ಮುಗಿಸಿ 1978ರಲ್ಲಿ ಬಿಡುಗಡೆ ಮಾಡಿದರು. ಅದರಲ್ಲಿ ಆತನ ನಿಜವಾದ ಅಂತ್ಯಯಾತ್ರೆಯ ದೃಶ್ಯಗಳನ್ನೂ ಸೇರಿಸಿದರು. ಆ ಎರಡು ಮಕ್ಕಳ ತಾಯಿಗೆ ಅದನ್ನು ಕಂಡು ಹೇಗಾಗಿರಬೇಕು, ನೀವೇ ಯೋಚಿಸಿ.

ಅತ್ತ ಆ ನಕಲಿ ನಟರೂ ಕಳ್ಳರೇನಲ್ಲ. ಬೆವರು ಸುರಿಸಿ ದುಡಿದವರು, ನಿಜವಾಗಿಯೂ ವಿದ್ಯೆ ಬಲ್ಲವರು. ಆದರೆ ತಾಯ್ತಂದೆ ಇಟ್ಟ ಹೆಸರು ಪೋಸ್ಟರಿನಲ್ಲಿ ಕಾಣಲಿಲ್ಲ. ಎಷ್ಟು ಚೆನ್ನಾಗಿ ಹೊಡೆದಾಡಿದರೂ ಜನ ಅಂದದ್ದು ಒಂದೇ: "ಆತ ಅವನಲ್ಲ." 2023ರಲ್ಲಿ ಇವರ ಮೇಲೆ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಮುದುಕರಾದ ಮೇಲೆ ತಮ್ಮ ಮಾತು ತಾವೇ ಹೇಳಿಕೊಂಡಿದ್ದಾರೆ.

ಮತ್ತೆ ನಮ್ಮ ಮನೆಗೆ ಬರೋಣ. ಸಿನೆಮಾ ಮೋಸ ಮಾಡಿದರೂ ಹುಚ್ಚು ಇಳಿಯಲಿಲ್ಲ. ಅವ್ವನ ಲಟ್ಟಣಿಗೆಯನ್ನು ಗರಗಸದಿಂದ ಎರಡು ಮಾಡಿ, ನಡುವೆ ಬಾವಿಯ ಹಗ್ಗದ ತುಂಡು ಕಟ್ಟಿ, ಅಂಗಳದಲ್ಲಿ ಗಿರಗಿರ ತಿರುಗಿಸಿದ. ಮೂರನೇ ಸುತ್ತಿಗೆ ಅದು ಬಂದು ಹುಬ್ಬಿಗೇ ಬಡಿಯಿತು. ದವಾಖಾನೆಯಲ್ಲಿ ಮೂರು ಹೊಲಿಗೆ ಬಿದ್ದವು.

ರಾತ್ರಿ ಅವ್ವ ಗಂಜಿ ಕುಡಿಸುತ್ತಾ ಬೈದಳು: "ಯಾವನೋ ಚೀನಾದವನ ನಕಲು ಮಾಡಾಕ ಹೋಗಿ ಕಣ್ಣು ಕಳಕೊಳ್ತಿದ್ದಿ. ಕಾಕಾನ ಮಗನ್ನ ನೋಡು, ಸಾಲ್ಯಾಗ ಪೈಲಾ ನಂಬರ್. ಅವನಂಗ ಆಗು."

ತಮ್ಮ ಪಟ್ಟಿ ಕಟ್ಟಿದ ಹಣೆ ಎತ್ತಿ ಕೇಳಿದ: "ಅದೂ ನಕಲೇ ಅಲ್ಲೇನವ್ವಾ?"

ಅವ್ವನ ಕೈ ಅಲ್ಲೇ ನಿಂತಿತು. ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಕಾಕಾನ ಮಗನ ಹೆಸರನ್ನು ಉಣ್ಣುವ ಹೊತ್ತಿಗೆ ಒಮ್ಮೆಯೂ ಎತ್ತಲಿಲ್ಲ.

ನಕಲು ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ, ಸೋದರಿಯರೇ. ಜೋಳದ ರೊಟ್ಟಿ ಬಡಿಯುವುದನ್ನು ನಾವೆಲ್ಲ ಅವ್ವನ ಕೈ ನೋಡಿಯೇ ಕಲಿತವರು. ಮೊದಲು ಹರಿಯಿತು, ಅಂಚು ಸೀಳಿತು. ಬರಬರುತ್ತಾ ನಮ್ಮ ಕೈಗೆ ನಮ್ಮದೇ ಸಪ್ಪಳ ಬಂತು. ಮಕ್ಕಳೂ ಹಾಗೇ. ನಕಲು ಮೊದಲ ಮೆಟ್ಟಿಲು. ಅಲ್ಲೇ ಕೂಡಿಸಬಾರದು, ಅಷ್ಟೇ.

ಔರಾದದ ತಂಗೀ, ನಿಮಗೆ ನನ್ನ ನಾಲ್ಕು ಮಾತು:

ಒಂದು: ತಂಗಿಗೆ ಒದೆಯುವುದು ಇವತ್ತೇ ನಿಲ್ಲಬೇಕು. ಇದರಲ್ಲಿ ಸಡಿಲ ಬೇಡ. ಕೈಮಾಡದವನೇ ವಿದ್ಯೆ ಕಲಿತವನು ಎಂದು ಹೇಳಿ.

ಎರಡು: ಒಂದು ದಿನ ಅವನ ಜೊತೆ ಕೂತು ಸಿನೆಮಾ ನೋಡಿ. ಅದರಲ್ಲಿರುವವನು ಅಸಲಿಯೋ ನಕಲಿಯೋ ಕಂಡುಹಿಡಿಯಲು ಹೇಳಿ. ಹೊಡೆತಗಳನ್ನು ತುಂಡು ತುಂಡಾಗಿ ತೆಗೆದು ಜೋಡಿಸುತ್ತಾರೆಂದು ತಿಳಿಸಿ. ಆಗ ಕಣ್ಣು ಚುರುಕಾಗುತ್ತದೆ, ಹುಚ್ಚು ಹದಕ್ಕೆ ಬರುತ್ತದೆ.

ಮೂರು: ಆಸೆ ಗಟ್ಟಿಯಿದ್ದರೆ ಕರಾಟೆ ಕ್ಲಾಸಿಗೆ ಸೇರಿಸಿ. ಮೊದಲು ನೀವೇ ಹೋಗಿ ಒಂದು ಗಂಟೆ ಕೂತು ನೋಡಿ. ಮಾಸ್ತರರು ತಲೆಗೆ ಹೊಡೆಯಲು ಬಿಡುತ್ತಾರೋ, ನೆಲಕ್ಕೆ ಚಾಪೆ ಇದೆಯೋ, ಪೆಟ್ಟಾದರೆ ಏನು ಮಾಡುತ್ತಾರೆ, ಕೇಳಿ ತಿಳಿಯಿರಿ. ಮಗಳನ್ನೂ ಜೊತೆಗೇ ಸೇರಿಸಿ.

ನಾಲ್ಕು: ಭಾವನ ಮಗನ ಮಾತು ಬಿಟ್ಟುಬಿಡಿ. ಆ ಹುಡುಗ ಜಾಣನೇ ಇರಲಿ, ಆದರೆ ನಿಮ್ಮ ಮಗನ ಮೇಲೆ ಅವನ ಹೆಸರು ಅಂಟಿಸಬೇಡಿ.

ನನ್ನ ತಮ್ಮ ಬ್ರೂಸ್ ಲೀ ಆಗಲಿಲ್ಲ, ಪೈಲಾ ನಂಬರೂ ಬರಲಿಲ್ಲ. ಬೀದರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುತ್ತಲಿನ ರೈತರು ಪಂಪು ಕೆಟ್ಟರೆ ಅವನ ಹೆಸರು ಹಿಡಿದೇ ಹುಡುಕಿಕೊಂಡು ಬರುತ್ತಾರೆ. ಹುಬ್ಬಿನ ಮೇಲಿನ ಗೆರೆ ಇನ್ನೂ ಇದೆ. ಹೊಸ ಲಟ್ಟಣಿಗೆ ತನ್ನ ಮೊದಲ ಗಳಿಕೆಯಲ್ಲಿ ಅವ್ವನಿಗೆ ತಂದುಕೊಟ್ಟವನು ಅವನೇ. ಅದು ಈಗ ನನ್ನ ಅಡಿಗೆಮನೆಯಲ್ಲಿದೆ.

ಬರುವ ಸಂಚಿಕೆಯಲ್ಲಿ ಮತ್ತೆ ಕೂಡೋಣ.